ಸೇವೆ ಯಾರದು, ಸಹಿ ಯಾರದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸಣ್ಣ ಪ್ರೊಟೆಸ್ಟಂಟ್ ಸಭೆಗಳಲ್ಲಿ ‘ಸೇವೆ’ ಎಂಬ ಮಾತು ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಬಂದಿದೆ. ಆರಾಧನೆಗೆ ಮುಂಚೆ ಕಸ ಹೊಡೆದು ಜಮಖಾನೆ ಹಾಸುವವರು, ಕ್ರಿಸ್‌ಮಸ್ ಊಟಕ್ಕೆ ಒಲೆ ಮುಂದೆ ನಿಲ್ಲುವವರು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥಿಸುವವರು ಬಹುಪಾಲು ಅವರೇ. ಕಾಣಿಕೆಯ ಲೆಕ್ಕಕ್ಕೆ ಸಹಿ ಮಾತ್ರ ಗಂಡಸರದು. ಕೇಳಿದರೆ, ‘ಅದು ಅವರ ಭಕ್ತಿ’ ಎನ್ನುತ್ತಾರೆ. ಭಕ್ತಿವಂತರಿಗೆ ಲೆಕ್ಕ ಬರುವುದಿಲ್ಲವೇ? ಸಂಪ್ರದಾಯದ ನೆವವೂ ನಿಲ್ಲದು: ಸಿಎಸ್‌ಐ ಸಭೆಯ ನಂದ್ಯಾಲ ಡಯಾಸಿಸ್‌ಗೆ 2013ರಲ್ಲೇ ಪುಷ್ಪಲಲಿತಾ ಬಿಷಪ್ ಆದರು. ಚರ್ಚ್ ಆಫ್ ಇಂಗ್ಲೆಂಡ್‌ಗೆ ಮೊದಲ ಮಹಿಳಾ ಬಿಷಪ್ ಸಿಕ್ಕದ್ದು 2015ರಲ್ಲಿ. (ನಂದ್ಯಾಲವೇನು ಸಮುದ್ರದಾಚೆಯ ಊರಲ್ಲ, ಬಳ್ಳಾರಿ ದಾಟಿದರೆ ಆಂಧ್ರ.) ಮುಂದಿನ ಕಮಿಟಿಗೆ ಹೆಣ್ಣುಮಗಳೊಬ್ಬಳು ಖಜಾಂಚಿಯಾಗಲಿ. ಜಮಖಾನೆ ಝಾಡಿಸುವುದು ಗಂಡಸರಿಗೆ ಬಾರದ ವಿದ್ಯೆಯೇನಲ್ಲ.