ಲೋಟದ ತಳದ ಸಣ್ಣ ಅಕ್ಷರ ಓದಿದ್ದೀರಾ?



ಹೋದ ಯುಗಾದಿಗೆ ಇಲ್ಲಿನ ನಮ್ಮ ಕನ್ನಡ ಕೂಟದ ಊಟಕ್ಕೆ "ಕಾಂಪೋಸ್ಟೆಬಲ್" ಲೋಟ ತರಿಸಿದವನು ನಾನೇ. ಹೆಚ್ಚು ದುಡ್ಡು ಕೊಟ್ಟು ಎಲ್ಲರ ಕೈಲಿ ಶಹಭಾಸ್ ಅನ್ನಿಸಿಕೊಂಡೆ. ಹೋಳಿಗೆ ಮುಗಿದ ಮೇಲೆ ಲೋಟದ ತಳ ನೋಡಿದೆ: ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಮಾತ್ರ ಕೊಳೆಯುತ್ತದಂತೆ! ನಮ್ಮೂರಲ್ಲಿ ಅಂಥ ಘಟಕವೇ ಇಲ್ಲ. ಎಲ್ಲವೂ ಮಾಮೂಲಿ ಕಸದ ಚೀಲ ಸೇರಿತು.

ಅದು ಪಿಎಲ್‌ಎ. ಸುಮಾರು 60 ಡಿಗ್ರಿ ಬಿಸಿ ಸಿಗದೆ ಬೇಗ ಕೊಳೆಯಲ್ಲ. ಮಣ್ಣಲ್ಲೂ ಸಮುದ್ರದಲ್ಲೂ ಕೊಳೆಯೋ ಪ್ಲಾಸ್ಟಿಕ್ ಬೇರೆಯೇ ಇದೆ. 1926ರಲ್ಲೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮೋರಿಸ್ ಲೆಮ್ವಾನ್ಯ ಅದನ್ನು ಬ್ಯಾಕ್ಟೀರಿಯಾದೊಳಗೆ ಕಂಡರು. ಹೆಸರು ಪಿಎಚ್‌ಬಿ. ಇಂಗಾಲ ಧಾರಾಳವಾಗಿ ಕೊಟ್ಟು ಸಾರಜನಕ ಕಡಿಮೆ ಮಾಡಿದರೆ, ನಾವು ಬೊಜ್ಜು ಬೆಳೆಸೋ ಹಾಗೆ ಕೆಲವು ಬ್ಯಾಕ್ಟೀರಿಯಾ ಇದನ್ನು ಮೈಯಲ್ಲಿ ಕೂಡಿಡುತ್ತವೆ, ಒಣತೂಕದ ಶೇ. 80ರವರೆಗೂ. ಹೊರಗೆ ಬಿಸಾಕಿದರೆ ಬೇರೆ ಸೂಕ್ಷ್ಮಜೀವಿಗಳಿಗೆ ಅದೇ ಊಟ.

"ದುಬಾರಿ ಗುರು, ನಡೆಯಲ್ಲ" ಅಂತಾರೆ. ನಿಜ, 1990ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯ ಬಯೋಪಾಲ್‌ನಿಂದ ಶಾಂಪೂ ಬಾಟಲಿ ಬಂತು, ನಿಲ್ಲಲಿಲ್ಲ. ಅಯೋವಾದಲ್ಲಿ ಮೆಟಬೋಲಿಕ್ಸ್–ಎಡಿಎಂ ಜಂಟಿ ಉದ್ಯಮವೂ 2012ರಲ್ಲಿ ಮುರಿಯಿತು. ಆದರೆ ಅವರು ತಿನ್ನಿಸಿದ್ದು ದುಡ್ಡು ಕೊಟ್ಟು ತಂದ ಸಕ್ಕರೆ! ಖರ್ಚಿನ ದೊಡ್ಡ ಪಾಲು ಅಲ್ಲೇ ಹೋಗುತ್ತೆ. ಚೀಸ್ ಕಾರ್ಖಾನೆಯ ಹಾಲೊಡಕಿನ ನೀರು, ಬಯೋಡೀಸೆಲ್ ಮಾಡಿದಾಗ ಉಳಿಯೋ ಗ್ಲಿಸರಾಲ್ ಕೊಟ್ಟರೂ ಬ್ಯಾಕ್ಟೀರಿಯಾ ಈ ಜಾತಿಯ ಪ್ಲಾಸ್ಟಿಕ್ ಮಾಡುತ್ತವೆ ಅಂತ ಲ್ಯಾಬ್‌ಗಳು ತೋರಿಸಿವೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಇದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಇನ್ನು ಕರ್ನಾಟಕದ ಸಕ್ಕರೆ ಸೀಮೆ ನೋಡಿ. ಕಾಕಂಬಿಯಿಂದ ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ 8ರಿಂದ 15 ಲೀಟರ್ ಕೊಳಕು ನೀರು ಬರುತ್ತೆ. ಅದರಲ್ಲೂ ಇಂಗಾಲ ತುಂಬಿದೆ.

ಕಸ ದಿನಕ್ಕೊಂದು ಥರ ಇರುತ್ತೆ, ಅದನ್ನು ಹದಕ್ಕೆ ತರೋಕೆ, ಪ್ಲಾಸ್ಟಿಕ್ ಬೇರ್ಪಡಿಸೋಕೆ ಖರ್ಚಿದೆ, ಒಪ್ಪಿದೆ. ಆದರೆ ಮಾಮೂಲಿ ಪ್ಲಾಸ್ಟಿಕ್ ಅಗ್ಗ ಅನ್ನೋದು ಯಾವ ಲೆಕ್ಕ? ಮೋರಿಯಿಂದ ಅದನ್ನು ಬಾಚೋ ಪೌರಕಾರ್ಮಿಕರ ಶ್ರಮ ಯಾವ ಬಿಲ್ಲಿನಲ್ಲಿದೆ? ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ, ಲೋಟ ನಿಷೇಧಿಸಿತು, ಕೇಂದ್ರ ಸರ್ಕಾರ 2022ರಲ್ಲಿ ಲೋಟ ನಿಷೇಧಿಸಿತು. ಕೈಗೆಟುಕುವ ಬದಲಿ ಕೊಡದೆ ಬೇಡ ಅಂದರೆ ತರಕಾರಿ ಮಾರೋ ಅಜ್ಜಿ ದಂಡ ಕಟ್ಟಬೇಕು ಅಷ್ಟೇ.

ನಮ್ಮಲ್ಲಿ ಕೆಮಿಕಲ್, ಬಯೋಟೆಕ್ ಓದಿ ಇಲ್ಲಿ ದೊಡ್ಡ ಹುದ್ದೆಯಲ್ಲಿರೋರು ಎಷ್ಟು ಜನ! ಊರಿಗೆ ಹೋದಾಗ ಸೈಟ್ ರೇಟ್ ವಿಚಾರಿಸೋ ಬದಲು ಒಂದು ದಿನ ಮೈಸೂರಿನ ಲ್ಯಾಬ್‌ಗೆ, ಮಂಡ್ಯದ ಕಾರ್ಖಾನೆಗೆ ಹೋಗಿ ಬನ್ನಿ. ಲ್ಯಾಬ್‌ನಿಂದ ಕಾರ್ಖಾನೆಗೆ ದಾಟಿಸೋಕೆ ಏನು ಬೇಕು ಕೇಳಿ. ನನ್ನಂಥ ಸಾಫ್ಟ್‌ವೇರ್ ಮಂದಿ ಬಂಡವಾಳ ಹಾಕೋಣ.

ಅಲ್ಲಿಯವರೆಗೆ, ಮುಂದಿನ ಯುಗಾದಿಗೆ ಸ್ಟೀಲ್ ಲೋಟ ತರ್ತೀನಿ. ತೊಳೆಯೋಕೆ ಯಾರು ಬರ್ತೀರಿ?