ಆ ವಾಕ್ಯಗಳು ಯಾರವು?

ಉತ್ತರಪತ್ರಿಕೆಗಳನ್ನು ತಿದ್ದುವಾಗ ವಿದ್ಯಾರ್ಥಿಯ ಸ್ವಂತ ವಾಕ್ಯವೆಲ್ಲಿ ಮುಗಿದು ಗೈಡಿನ ವಾಕ್ಯವೆಲ್ಲಿ ಮೊದಲಾಯಿತೆಂಬುದು ಅಧ್ಯಾಪಕನ ಕಿವಿಗೆ ತಾನಾಗಿ ತಿಳಿದುಬಿಡುತ್ತದೆ. ನಾಲ್ಕು ಅಂಕ ಕಳೆಯಲು ಅಷ್ಟು ಸಾಕು. ಆದರೆ ಒಬ್ಬನ ಕೊರಳ ಕುಣಿಕೆಯೇ ಅಂತಹ ವಾಕ್ಯಗಳನ್ನು ನಂಬಿಕೊಂಡಿದ್ದರೆ?

ಲಂಡನಿನ ರಿಲಿಂಗ್ಟನ್ ಪ್ಲೇಸಿನ 10ನೆಯ ನಂಬರು ಮನೆಯಲ್ಲಿ ವಾಸವಾಗಿದ್ದ ವೇಲ್ಸಿನ ತರುಣ ತಿಮೊಥಿ ಇವಾನ್ಸನ ಪಾಡು ಅದೇ ಆಯಿತು. 1949ರಲ್ಲಿ ಆತನ ಹೆಂಡತಿ ಬೆರಿಲಳೂ ವರ್ಷದ ಕೂಸು ಜೆರಾಲ್ಡಿನಳೂ ಕೊಲೆಯಾದರು. ಇವಾನ್ಸನಿಗೆ ಓದುಬರಹ ಅಷ್ಟಕ್ಕಷ್ಟೆ. ಆತ ನುಡಿದುದನ್ನು ಬರೆದುಕೊಂಡವರು ಪೊಲೀಸರು. ಎರಡು ಹೇಳಿಕೆಗಳು ವೇಲ್ಸಿನಲ್ಲಿ, ಎರಡು ಲಂಡನಿನ ನಾಟಿಂಗ್ ಹಿಲ್ ಠಾಣೆಯಲ್ಲಿ. ವೇಲ್ಸಿನ ಎರಡನೆಯದರಲ್ಲಿ ಕೆಳಮನೆಯ ಕ್ರಿಸ್ಟಿಯ ಮೇಲೆ ಆರೋಪ. ಲಂಡನಿನವುಗಳಲ್ಲಿ ತಾನೇ ಕೊಂದೆನೆಂಬ ಒಪ್ಪಿಗೆ! ನ್ಯಾಯಾಲಯದಲ್ಲಿ ಇವಾನ್ಸ್ ಅದನ್ನು ಅಲ್ಲಗಳೆದನು. ಕ್ರಿಸ್ಟಿಯೇ ಎದುರುಸಾಕ್ಷಿಯಾಗಿ ನಿಂತನು. ಮಗುವನ್ನು ಕೊಂದನೆಂದು ಇವಾನ್ಸನನ್ನು 1950ರ ಮಾರ್ಚ್ 9ರಂದು ಗಲ್ಲಿಗೇರಿಸಿದರು.

ಮೂರು ವರ್ಷಗಳ ತರುವಾಯ ಅದೇ ಮನೆಯಲ್ಲಿಯೂ ಹಿತ್ತಲಲ್ಲಿಯೂ ಆರು ಮಂದಿ ಹೆಂಗಸರ ಶವಗಳು ಹೊರಬಿದ್ದವು. ಬೆರಿಲಳನ್ನೂ ತಾನೇ ಕೊಂದುದಾಗಿ ಹೇಳಿದ ಕ್ರಿಸ್ಟಿ ನೇಣಿಗೇರಿದನು. 1966ರಲ್ಲಿ ಸತ್ತವನಿಗೆ ಸರಕಾರದ ಕ್ಷಮಾದಾನ ದೊರೆಯಿತು. ಎಂತಹ ದಾನವೋ!

ಈಗ ಕಥೆಯೊಳಗೆ ವ್ಯಾಕರಣ ಪ್ರವೇಶಿಸುತ್ತದೆ. ಇಂಗ್ಲಿಷ್ ಭಾಷೆಯಲ್ಲಿ ಪಾಂಡಿತ್ಯವಿದ್ದ ಸ್ವೀಡನ್ನಿನ ಯಾನ್ ಸ್ವಾರ್ಟ್‌ವಿಕ್ ಆ ಹೇಳಿಕೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಅವರು ಶಬ್ದಗಳ ಬೆನ್ನು ಹತ್ತಲಿಲ್ಲ. ಶಬ್ದವನ್ನು ಯಾರು ಬೇಕಾದರೂ ಎರವಲು ತರಬಹುದು. ಅವರು ನೋಡಿದುದು ವಾಕ್ಯದ ಬೆಸುಗೆಯನ್ನು. ‘ಮನೆಗೆ ಬಂದೆ, ಉಂಡೆ, ಮಲಗಿದೆ’ ಎನ್ನುವವನೊಬ್ಬ. ‘ನಾನು ಮನೆಗೆ ಬಂದೆನು, ಅನಂತರ ನಾನು ಊಟ ಮಾಡಿದೆನು’ ಎನ್ನುವವನು ಇನ್ನೊಬ್ಬ. ಕರ್ತೃಪದ ಎಲ್ಲಿ ಲೋಪವಾಗುತ್ತದೆ, ಒಂದು ಉಪವಾಕ್ಯಕ್ಕೆ ಇನ್ನೊಂದು ಹೇಗೆ ಹೆಣೆದುಕೊಳ್ಳುತ್ತದೆ ಎಂಬುದು ಮಾತನಾಡುವವನಿಗೇ ಅರಿವಿಲ್ಲದ ಅಭ್ಯಾಸ. ಇಂತಹ ರಚನೆಗಳನ್ನು ವಿಂಗಡಿಸಿ ಎಣಿಸಿದಾಗ, ನಾಟಿಂಗ್ ಹಿಲ್ಲಿನ ಹೇಳಿಕೆಯಲ್ಲಿ ಕೊಲೆಯನ್ನು ಒಪ್ಪಿಕೊಳ್ಳುವ ಭಾಗಗಳ ಧಾಟಿಯೇ ಬೇರೆ, ಉಳಿದ ಭಾಗಗಳ ಧಾಟಿಯೇ ಬೇರೆಯಾಗಿ ಕಂಡಿತು.

‘ಇದು ಪೊಲೀಸರ ಸೃಷ್ಟಿ’ ಎಂದು ಸ್ವಾರ್ಟ್‌ವಿಕ್ ಡಂಗುರ ಸಾರಲಿಲ್ಲ. ಪಠ್ಯ ಚಿಕ್ಕದು, ಬರೆದುಕೊಂಡ ಕೈ ಬೇರೆಯವರದು. ಇಂಥಲ್ಲಿ ಎಚ್ಚರ ಅಗತ್ಯವೆಂಬುದನ್ನು ಅವರು ಬಲ್ಲರು. ಆ ಸಂಯಮವೇ ನನಗೆ ಅವರ ಮೇಲೆ ಗೌರವ ಹುಟ್ಟಿಸಿತು. 1968ರಲ್ಲಿ ಈ ಅಧ್ಯಯನ ಕಿರುಹೊತ್ತಗೆಯಾಗಿ ಹೊರಬಂದಿತು. ಅದರ ಹೆಸರಿನಲ್ಲಿಯೇ ‘ಫೊರೆನ್ಸಿಕ್ ಲಿಂಗ್ವಿಸ್ಟಿಕ್ಸ್’ ಎಂಬ ಮಾತಿತ್ತು; ನ್ಯಾಯಾಲಯದ ಬಾಗಿಲಿಗೆ ಬಂದ ಭಾಷಾಶಾಸ್ತ್ರಕ್ಕೆ ಆ ಹೆಸರೇ ನಿಂತಿತು. ಇವಾನ್ಸ್ ನೇಣಿಗೇರಿ ಆಗ ಹದಿನೆಂಟು ವರ್ಷಗಳಾಗಿದ್ದವು.