ದೂರು ಹೇಳುವ ಕ್ರಮ

ಕೊಡ ಬೇಕಾದವನು ಕುಂಬಾರನ ಮನೆಗೆ ಹೋಗುವನು, ಶಬ್ದ ಬೇಕಾದವನಾದರೋ ವೈಯಾಕರಣನ ಮನೆಗೆ ಹೋಗುವುದಿಲ್ಲವೆಂಬುದು ಮಹಾಭಾಷ್ಯಕಾರನಾದ ಪತಂಜಲಿಯ ಅಭಿಪ್ರಾಯ. ಈ ಕಾಲದಲ್ಲಿ ಅಕ್ಷರಕ್ಕೂ ಒಬ್ಬ ಕುಂಬಾರನು ಬೇಕಾಗಿದ್ದಾನೆ. ಗಣಕದಲ್ಲಿಯೂ ಮೊಬೈಲಿನಲ್ಲಿಯೂ ನಮಗೆ ದೊರೆತಿರುವ ಕನ್ನಡದ ಅನುಕೂಲಗಳಲ್ಲಿ ಹಲವು ಸ್ವಯಂಸೇವಕರ ಶ್ರಮದ ಫಲ. 'ಗುಬ್ಬಿ', 'ನವಿಲು' ಎಂಬ ಅಕ್ಷರಶೈಲಿಗಳೂ, 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯವೂ ಇದಕ್ಕೆ ನಿದರ್ಶನ. ಇಂತಹ ಕೆಲಸಕ್ಕೆ ಸಂಬಳವಿಲ್ಲ. ಉದ್ಯೋಗ ಮುಗಿದ ಮೇಲೆ ಉಳಿದ ವೇಳೆಯೇ ಇದರ ಬಂಡವಾಳ.

ಇಂತಹವರಿಗೂ ಬಳಸುವವರಿಗೂ ನಡುವೆ ಮಾತು ಕೆಡುವುದೇಕೆ? ಒಂದು ಉದಾಹರಣೆಯನ್ನು ನೋಡೋಣ. 'ಸೂರ್ಯ' ಎಂಬಲ್ಲಿ ರೇಫವು ಅರ್ಕಾವತ್ತಾಗಿ ಬರುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರವು ಮುಂದೆ ನಿಂತು ಯಕಾರವು ಒತ್ತಾಗಬೇಕು. ಯೂನಿಕೋಡ್ ಪದ್ಧತಿಯಲ್ಲಿ ಈ ಎರಡನೆಯ ರೂಪಕ್ಕೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕಾಗುತ್ತದೆ. ರೂಪವು ಕೆಟ್ಟರೆ ತಪ್ಪು ಕೀಲಿಮಣೆಯದೋ, ಅಕ್ಷರಶೈಲಿಯದೋ, ತೋರಿಸುವ ತಂತ್ರಾಂಶದ್ದೋ ಆಗಿರಬಹುದು. ಹೀಗಿರಲಾಗಿ ಗೃಹಸ್ಥನು "ನಿಮ್ಮ ಕನ್ನಡ ಕೆಟ್ಟಿದೆ" ಎಂದಷ್ಟೇ ಬರೆದರೆ ಕೇಳಿದವನು ಯಾವುದನ್ನು ತಿದ್ದಬೇಕು? ಅವನು ಬೇಸತ್ತು ಪರಿಭಾಷೆಯ ಮಳೆಗರೆದರೆ ಗೃಹಸ್ಥನಿಗೆ ತಿಳಿಯುವುದಾದರೂ ಏನು?

ನಮ್ಮ ಚಿನ್ನದ ಗಣಿಗಳು 2001ನೆಯ ಫೆಬ್ರವರಿ 28ರಂದು ಮುಚ್ಚಿದವು. ಅವು ಕಲಿಸಿದ ಪಾಠವು ಮುಚ್ಚಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಕೇಜನ್ನು ಏರಿಸಿ ಇಳಿಸುವ ಯಂತ್ರಚಾಲಕನು ಮೇಲೆ, ಕೆಲಸಗಾರನು ಕೆಳಗೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಎಷ್ಟು ಏಟಿಗೆ ಏನರ್ಥವೆಂದು ಮೊದಲೇ ಗೊತ್ತುಮಾಡಿದ್ದ ಘಂಟೆಯೇ ಅವರ ಭಾಷೆ. ಕೂಗಾಟದಿಂದ ಕೇಜು ಕದಲುತ್ತಿರಲಿಲ್ಲ.

ಆದುದರಿಂದ ದೂರು ಹೇಳುವವರು ಇಷ್ಟನ್ನು ತಿಳಿಸಲಿ: ಯಾವ ಯಂತ್ರ, ಯಾವ ತಂತ್ರಾಂಶ, ಅದರ ಎಷ್ಟನೆಯ ಆವೃತ್ತಿ, ಯಾವ ಕೀಲಿಗಳನ್ನು ಒತ್ತಿದ್ದಾಯಿತು, ಏನು ಬರಬೇಕಾಗಿತ್ತು, ಏನು ಬಂದಿತು. ತೆರೆಯ ಚಿತ್ರವೊಂದನ್ನು ಜೊತೆಗಿಟ್ಟರೆ ಮತ್ತೂ ಉತ್ತಮ. ಒಂದು ಪತ್ರದಲ್ಲಿ ಒಂದೇ ದೋಷವಿರಲಿ.

ಸ್ವಯಂಸೇವಕರಿಗೂ ಎರಡು ಮಾತು. ಪೂರ್ವಪಕ್ಷವನ್ನು ಪೂರ್ತಿಯಾಗಿ ಅನುವಾದಿಸದೆ ಸಿದ್ಧಾಂತವನ್ನು ಹೇಳಬಾರದೆಂಬುದು ನಮ್ಮ ಶಾಸ್ತ್ರಕಾರರ ಮರ್ಯಾದೆ. "ನೀವು ಹೇಳಿದ್ದು ಇದೇ ಅಲ್ಲವೆ?" ಎಂದು ಮೊದಲು ಕೇಳಿರಿ. ಕನ್ನಡ, ತೆಲುಗು, ತಮಿಳುಗಳು ಒಂದೇ ಬೀದಿಯಲ್ಲಿ ಓಡಾಡುವ ನಮ್ಮ ಊರಿನಂತಹ ಕಡೆ ಸುಲಭವಾದ ನುಡಿಯೇ ಎಲ್ಲರನ್ನೂ ಮುಟ್ಟುವುದು. ತಿದ್ದಲಾಗದಿದ್ದರೆ ಆಗದೆಂದೇ ಹೇಳಿರಿ. ಮೌನವನ್ನು ಜನರು ತಿರಸ್ಕಾರವೆಂದು ತಿಳಿಯುತ್ತಾರೆ. ತಿದ್ದಿದ ಮೇಲೆ ದೂರಿತ್ತವನಿಗೆ ತಿಳಿಸಲು ಮರೆಯದಿರಿ.

ಹಣ ಕೊಟ್ಟು ಕೊಂಡ ಪದಾರ್ಥವು ಕೆಟ್ಟರೆ ಅಂಗಡಿಯವನನ್ನು ಗದರಿಸಬಹುದು. ಪುಕ್ಕಟೆಯಾಗಿ ದುಡಿಯುವವನು ಗದರಿಕೆಗೆ ಬೇಸತ್ತು ಕೈಬಿಟ್ಟರೆ ನಷ್ಟವು ಅವನದಲ್ಲ, ನಮ್ಮ ಅಕ್ಷರಗಳದು. ವಾಚಕರು ಮುಂದಿನ ದೂರಿನ ಮೊದಲ ಸಾಲಿನಲ್ಲಿ ಒಂದು ಉಪಕಾರಸ್ಮರಣೆಯನ್ನು ಬರೆಯಲಿ. ಎರಡನೆಯ ಸಾಲಿನಿಂದ ದೋಷವನ್ನು ವಿವರಿಸಲಿ.